ಗೂಡ್ಸ್ ಆಟೋಗೆ ಕಡಿಮೆ ಖರ್ಚಿನ ಸೋಲಾರ್: ಕೊಳ್ಳುವ ಮುನ್ನ ಲೆಕ್ಕ ಹಾಕೋಣ



ವರ್ಷದ ಕೊನೆಯಲ್ಲಿ ಬಡ್ಡಿರಹಿತ ಸಾಲದ ಪುಸ್ತಕವನ್ನು ಪರಿಶೀಲಿಸುವಾಗ, ಸದಾ ಸಮಯಕ್ಕೆ ಸರಿಯಾಗಿ ಕಂತು ಕಟ್ಟುತ್ತಿದ್ದ ಸಹೋದರರೊಬ್ಬರು ಮೂರು ಕಂತು ಬಾಕಿ ಉಳಿಸಿಕೊಂಡಿದ್ದು ಕಣ್ಣಿಗೆ ಬಿತ್ತು. ಗೂಡ್ಸ್ ಆಟೋದಲ್ಲಿ ಹಣ್ಣು ಮಾರಿ ಸಂಸಾರ ನಡೆಸುವವರು. ಕರೆದು ವಿಚಾರಿಸಿದೆವು. ಅವರ ವ್ಯಾಪಾರ ಕುದುರುವುದೇ ಮಗ್ರಿಬ್ ನಮಾಝಿನ ನಂತರ. ಬೆಳಕಿಗಾಗಿ ಗಾಡಿಯ ಬ್ಯಾಟರಿಯಿಂದಲೇ ತಂತಿ ಎಳೆದು 55 ವ್ಯಾಟಿನ ಹ್ಯಾಲೊಜೆನ್ ಬಲ್ಬು ಹಾಕಿದ್ದರು. ರಾತ್ರಿ ನಾಲ್ಕು ಗಂಟೆ ಬಲ್ಬು ಉರಿದರೆ ಬೆಳಗಿನ ಜಾವ ಸೆಲ್ಫ್ ಎತ್ತುವುದಿಲ್ಲ. ಸಗಟು ಮಾರುಕಟ್ಟೆಗೆ ತಡವಾಗಿ ಮುಟ್ಟಿದರೆ ಒಳ್ಳೆಯ ಹಣ್ಣು ಅಷ್ಟರಲ್ಲಿ ಬೇರೆಯವರ ಪಾಲಾಗಿರುತ್ತದೆ. ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಬದಲಾಯಿಸಿದ್ದರು. ನಮ್ಮ ಕಂತಿನ ಹಣ ಅಲ್ಲಿಗೆ ಹೋಗಿತ್ತು.

ಈ ತೊಂದರೆ ತಪ್ಪಿಸಲು ಅವರು ಒಂದು ಸೋಲಾರ್ ಸೆಟ್ಟನ್ನೂ ಕೊಂಡಿದ್ದರು. ಪ್ಯಾನೆಲ್ ಮೇಲೆ '200 ವ್ಯಾಟ್' ಎಂದು ಬರೆದಿತ್ತು. ಉದ್ದ ಒಂದು ಅಡಿ, ಅಗಲ ಒಂದು ಅಡಿ. ಅಷ್ಟು ಚಿಕ್ಕ ಹಲಗೆ 20 ವ್ಯಾಟ್ ಕೊಟ್ಟರೆ ಅದೇ ದೊಡ್ಡದು. ದುಡ್ಡೂ ಹೋಯಿತು, ಬೆಳಕೂ ಬರಲಿಲ್ಲ.

ನಮ್ಮ ವಿದ್ಯಾರ್ಥಿವೇತನದಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಕಲಿಯುತ್ತಿರುವ ಇಬ್ಬರು ಹುಡುಗರು ಬೋಧಕರ ಮಾರ್ಗದರ್ಶನದಲ್ಲಿ ಆ ಗಾಡಿಗೆ ಹೊಸದಾಗಿ ಸೋಲಾರ್ ಜೋಡಿಸಿದರು. ಅವರು ಮೊದಲು ಕೈಗೆತ್ತಿಕೊಂಡದ್ದು ಕಾಗದ ಮತ್ತು ಪೆನ್ನು. ಆ ಲೆಕ್ಕ ಎಲ್ಲ ಸಂಚಾರಿ ವ್ಯಾಪಾರಿಗಳಿಗೂ ಉಪಯೋಗವಾಗಲಿ ಎಂದು ಇಲ್ಲಿ ವಿವರವಾಗಿ ಕೊಡುತ್ತಿದ್ದೇವೆ.

ಮೊದಲು ಖರ್ಚಿನ ಲೆಕ್ಕ

ನೀರಿನ ಟ್ಯಾಂಕ್ ಕೊಳ್ಳುವ ಮೊದಲು ಮನೆಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕೆಂದು ನೋಡುತ್ತೇವಲ್ಲ, ಇದೂ ಹಾಗೆಯೇ. ಒಂದು ಉಪಕರಣದ ವ್ಯಾಟನ್ನು ಅದು ಓಡುವ ಗಂಟೆಗಳಿಂದ ಗುಣಿಸಿದರೆ 'ವ್ಯಾಟ್-ಗಂಟೆ' ಸಿಗುತ್ತದೆ. ನಮ್ಮ ಸಹೋದರರ ಗಾಡಿಯ ಪಟ್ಟಿ ಹೀಗಿತ್ತು:

ಎರಡು 9 ವ್ಯಾಟಿನ ಎಲ್ಇಡಿ ದೀಪ, 5 ಗಂಟೆ: 90
15 ವ್ಯಾಟಿನ 12 ವೋಲ್ಟ್ ಫ್ಯಾನ್, 4 ಗಂಟೆ: 60
ಮೊಬೈಲ್ ಚಾರ್ಜಿಂಗ್: 25
ಎಲೆಕ್ಟ್ರಾನಿಕ್ ತಕ್ಕಡಿ: 10
ಹಣ ಬಂದದ್ದನ್ನು ಹೇಳುವ ಸೌಂಡ್ ಬಾಕ್ಸ್: 5

ಒಟ್ಟು 190 ವ್ಯಾಟ್-ಗಂಟೆ. ತಂತಿಯಲ್ಲಿ, ಬ್ಯಾಟರಿಯಲ್ಲಿ ಸೋರಿ ಹೋಗುವುದಕ್ಕೆ ಐದರಲ್ಲೊಂದು ಪಾಲು ಸೇರಿಸಿದರೆ ಸುಮಾರು 230. ಹಳೆಯ ಹ್ಯಾಲೊಜೆನ್ ಬಲ್ಬು ಒಂದೇ ನಾಲ್ಕು ಗಂಟೆಯಲ್ಲಿ 220 ವ್ಯಾಟ್-ಗಂಟೆ ನುಂಗುತ್ತಿತ್ತು. ಅಂದರೆ ಅತಿ ಹೆಚ್ಚಿನ ಉಳಿತಾಯ ಬಲ್ಬು ಬದಲಾಯಿಸಿದ್ದರಲ್ಲೇ ಆಯಿತು. ಇಸ್ರಾಫ್ ತಪ್ಪಿಸುವುದು ಎಂದರೆ ಇದೇ. ಬೇಡದ ಖರ್ಚನ್ನು ಮೊದಲು ಕಡಿಮೆ ಮಾಡಿದರೆ ಪ್ಯಾನೆಲೂ ಚಿಕ್ಕದು ಸಾಕು, ಬ್ಯಾಟರಿಯೂ ಚಿಕ್ಕದು ಸಾಕು.

ಇನ್ನೊಂದು ಮಾತು. ಮನೆಯಲ್ಲಿ ಬಳಸುವ 230 ವೋಲ್ಟ್ ಬಲ್ಬು ಹಾಕಲು ಇನ್ವರ್ಟರ್ ಬೇಕಾಗುತ್ತದೆ. ಇನ್ವರ್ಟರ್ ತಾನೇ ಒಂದಷ್ಟು ವಿದ್ಯುತ್ ತಿನ್ನುತ್ತದೆ. ಗಾಡಿಗೆ 12 ವೋಲ್ಟಿನ ದೀಪ, 12 ವೋಲ್ಟಿನ ಫ್ಯಾನೇ ಸರಿ. ಇನ್ವರ್ಟರ್ ಖರ್ಚು ಪೂರ್ತಿ ಉಳಿಯುತ್ತದೆ.

ಪ್ಯಾನೆಲ್: ಚೀಟಿ ನೋಡಬೇಡಿ, ಅಳತೆ ನೋಡಿ

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಅಲ್ಲಿರುವ ಹಲಗೆಗೂ ಆಟೋ ಮೇಲಿನ ಹಲಗೆಗೂ ನಿಯಮ ಒಂದೇ. ನಡುಹಗಲಿನ ಒಳ್ಳೆಯ ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1,000 ವ್ಯಾಟ್ ಶಕ್ತಿ ತರುತ್ತದೆ. ಈಗಿನ ಪ್ಯಾನೆಲ್‌ಗಳು ಅದರಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲನ್ನು ವಿದ್ಯುತ್ ಮಾಡುತ್ತವೆ. ಹಾಗಾಗಿ 100 ವ್ಯಾಟ್ ಬೇಕಾದರೆ ಅರ್ಧ ಚದರ ಮೀಟರ್, ಅಂದರೆ ಸುಮಾರು ಎರಡು ಅಡಿ ಅಗಲ, ಮೂರು ಅಡಿ ಉದ್ದದ ಹಲಗೆ ಬೇಕೇ ಬೇಕು. ಅದಕ್ಕಿಂತ ತೀರಾ ಚಿಕ್ಕದಕ್ಕೆ ಯಾರು ಎಷ್ಟೇ ದೊಡ್ಡ ಅಂಕಿ ಬರೆದರೂ ನಂಬಬೇಡಿ. ಅಂಗಡಿಗೆ ಹೋಗುವಾಗ ಟೇಪು ಒಯ್ಯಿರಿ.

ಮಲ್ಟಿಮೀಟರ್ ಇದ್ದವರು ಬಿಸಿಲಿಗೆ ಹಿಡಿದು ಇನ್ನೊಂದು ಪರೀಕ್ಷೆ ಮಾಡಬಹುದು. 12 ವೋಲ್ಟ್ ವ್ಯವಸ್ಥೆಗೆಂದು ಮಾರುವ 100 ವ್ಯಾಟ್ ಪ್ಯಾನೆಲ್, ಏನೂ ಜೋಡಿಸದಿರುವಾಗ, 20ರಿಂದ 22 ವೋಲ್ಟ್ ತೋರಿಸಬೇಕು.

100 ವ್ಯಾಟ್ ಪ್ಯಾನೆಲಿನಿಂದ ಇಡೀ ದಿನ 100 ವ್ಯಾಟ್ ಬರುವುದಿಲ್ಲ. ಬೇಸಿಗೆಯಲ್ಲಿ ಇಡೀ ದಿನದ ಬಿಸಿಲನ್ನು ಒಟ್ಟುಗೂಡಿಸಿದರೆ ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮ ಎಂದು ಹಿಡಿಯಬಹುದು. ಕಾವು, ಧೂಳು, ಅಗ್ಗದ ಕಂಟ್ರೋಲರ್‌ನ ನಷ್ಟ ಎಲ್ಲ ಕಳೆದರೆ ಕೈಗೆ ಬರುವುದು ಸುಮಾರು 300 ವ್ಯಾಟ್-ಗಂಟೆ. ನಮಗೆ ಬೇಕಾದದ್ದು 230. ಆದ್ದರಿಂದ ಈ ಗಾಡಿಗೆ ಒಂದು 100 ವ್ಯಾಟ್ ಪ್ಯಾನೆಲ್ ಸಾಕು.

ಬ್ಯಾಟರಿ: ಗಾಡಿಯದ್ದು ಬೇರೆ, ದೀಪದ್ದು ಬೇರೆ

ಗಾಡಿಯ ಬ್ಯಾಟರಿ ಎಂಜಿನ್ ಎಬ್ಬಿಸಲು ಒಂದೆರಡು ಕ್ಷಣ ಜೋರಾಗಿ ಕರೆಂಟ್ ಕೊಡಲೆಂದು ಮಾಡಿದ್ದು. ಗಂಟೆಗಟ್ಟಲೆ ನಿಧಾನವಾಗಿ ಖಾಲಿ ಮಾಡಿದರೆ ಅದು ಬೇಗ ಹಾಳಾಗುತ್ತದೆ. ಆದ್ದರಿಂದ ದೀಪಕ್ಕೆ ಪ್ರತ್ಯೇಕ ಬ್ಯಾಟರಿ ಇಡಬೇಕು. ಎರಡನ್ನೂ ಒಂದಕ್ಕೊಂದು ಜೋಡಿಸಬಾರದು.

230 ವ್ಯಾಟ್-ಗಂಟೆಯನ್ನು 12ರಿಂದ ಭಾಗಿಸಿದರೆ ಸುಮಾರು 19 ಆಂಪಿಯರ್-ಗಂಟೆ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಹಾಗಾಗಿ 40 ಆಂಪಿಯರ್-ಗಂಟೆಯದ್ದು ಬೇಕು. ಕೊಳ್ಳುವಾಗ ಸೋಲಾರಿಗೆಂದೇ ಮಾಡಿದ ಬ್ಯಾಟರಿ ಕೇಳಿ ತೆಗೆದುಕೊಳ್ಳಿ. ಲಿಥಿಯಂ ಐರನ್ ಫಾಸ್ಫೇಟ್ ಆದರೆ 24 ಆಂಪಿಯರ್-ಗಂಟೆಯದ್ದೇ ಸಾಕು. ಅದು ಹಗುರ, ಬಾಳಿಕೆಯೂ ಹೆಚ್ಚು, ಆದರೆ ಬೆಲೆ ಜಾಸ್ತಿ. ಅದನ್ನು ಕೊಳ್ಳುವವರು ಒಳಗೆ ರಕ್ಷಣಾ ಸರ್ಕ್ಯೂಟ್ ಇದೆಯೇ, ಕಂಟ್ರೋಲರ್‌ನಲ್ಲಿ ಆ ಬ್ಯಾಟರಿಗೆ ತಕ್ಕ ಸೆಟ್ಟಿಂಗ್ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹಳೆಯ ಲ್ಯಾಪ್‌ಟಾಪ್ ಸೆಲ್‌ಗಳನ್ನು ಬಿಚ್ಚಿ ಜೋಡಿಸಿ ಕೊಡುವ ಅಗ್ಗದ ಪ್ಯಾಕ್‌ಗಳ ಸಹವಾಸವೇ ಬೇಡ. ಅವು ಬೆಂಕಿ ಹಿಡಿದರೆ ಆರಿಸುವುದು ಕಷ್ಟ.

ಲೆಡ್ ಆಸಿಡ್ ಬ್ಯಾಟರಿಯ ಹೊಟ್ಟೆ ಎಷ್ಟು ತುಂಬಿದೆ ಎಂದು ತಿಳಿಯಲು, ಚಾರ್ಜೂ ಇಲ್ಲದೆ ಬಳಕೆಯೂ ಇಲ್ಲದೆ ಸ್ವಲ್ಪ ಹೊತ್ತು ಬಿಟ್ಟು ಮೀಟರ್ ಇಡಿ. 12.7 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಅದಕ್ಕಿಂತ ಕೆಳಗೆ ದಿನಗಟ್ಟಲೆ ಬಿಟ್ಟರೆ ಬ್ಯಾಟರಿ ಸಾಯುತ್ತದೆ.

ಅಗ್ಗ ಮಾಡಬಾರದ ಜಾಗ: ಫ್ಯೂಸ್

ಇಡೀ ಸೆಟ್ಟಿನಲ್ಲಿ ಅತಿ ಕಡಿಮೆ ಬೆಲೆಯ ವಸ್ತು ಫ್ಯೂಸ್. ಎಲ್ಲರೂ ಬಿಟ್ಟುಬಿಡುವುದೂ ಅದನ್ನೇ. '12 ವೋಲ್ಟಿಗೆ ಶಾಕ್ ಹೊಡೆಯುವುದಿಲ್ಲ, ಏನಾಗುತ್ತದೆ' ಎಂದು ಹೇಳುವುದುಂಟು. ಶಾಕ್ ಹೊಡೆಯದು, ನಿಜ. ಆದರೆ ಗಾಡಿಯ ಕುಲುಕಾಟಕ್ಕೆ ತಂತಿ ಸವೆದು ತಗಡಿಗೆ ತಾಗಿದರೆ ಬ್ಯಾಟರಿಯಿಂದ ನೂರಾರು ಆಂಪಿಯರ್ ಒಮ್ಮೆಲೇ ಹರಿಯುತ್ತದೆ. ತಂತಿ ಕೆಂಡವಾಗುತ್ತದೆ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ತವಕ್ಕುಲ್ ಮಾಡಬೇಕೆಂಬ ಪಾಠ ನಮಗೆಲ್ಲ ಗೊತ್ತು. ಇಲ್ಲಿ ಆ ಹಗ್ಗವೇ ಫ್ಯೂಸ್.

ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ 10 ಆಂಪಿಯರ್ ಫ್ಯೂಸ್ ಹಾಕಿ. ಪ್ಯಾನೆಲಿನಿಂದ ಬರುವುದು ಹೆಚ್ಚೆಂದರೆ 6 ಆಂಪಿಯರ್, ದೀಪ ಮತ್ತು ಫ್ಯಾನ್ ಎಳೆಯುವುದು ಸುಮಾರು 4. ಎರಡಕ್ಕೂ ಇದು ಸಾಕು. ಪ್ಯಾನೆಲಿನಿಂದ ಬ್ಯಾಟರಿವರೆಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ, ದೀಪಗಳಿಗೆ 1.5 ಸಾಕು. ಪ್ಲಸ್ ಮಾತ್ರ ಎಳೆದು ಮೈನಸ್‌ಗೆ ಗಾಡಿಯ ತಗಡನ್ನು ಬಳಸಬೇಡಿ, ಎರಡೂ ತಂತಿ ಎಳೆಯಿರಿ. ತಗಡನ್ನು ಹಾದುಹೋಗುವ ಕಡೆ ರಬ್ಬರ್ ಬುಷ್ ಇರಲಿ.

ಚಹಾ, ತಿಂಡಿಯ ಗಾಡಿಯವರು ಇನ್ನೊಂದನ್ನು ನೆನಪಿಡಬೇಕು. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಅದನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಮುಚ್ಚಬಾರದು, ಒಲೆ ಮತ್ತು ಗ್ಯಾಸ್ ಸಿಲಿಂಡರಿನ ಹತ್ತಿರ ಇಡಲೇಬಾರದು.

ಜೋಡಿಸುವ ಕ್ರಮ

ಕಂಟ್ರೋಲರ್ ಎಂದರೆ ಪ್ಯಾನೆಲ್ ಮತ್ತು ಬ್ಯಾಟರಿಯ ನಡುವಿನ ಕಾವಲುಗಾರ. ಬ್ಯಾಟರಿ ತುಂಬಿದಾಗ ತಡೆಯುತ್ತದೆ, ತೀರಾ ಖಾಲಿಯಾದಾಗ ದೀಪ ಕಡಿತ ಮಾಡುತ್ತದೆ. ಈ ಅಳತೆಗೆ 10 ಆಂಪಿಯರಿನ ಸಾಧಾರಣ ಪಿಡಬ್ಲ್ಯುಎಂ ಕಂಟ್ರೋಲರ್ ಸಾಕು. ಎಂಪಿಪಿಟಿ ಎಂಬ ಇನ್ನೊಂದು ಬಗೆ ಹೆಚ್ಚು ವಿದ್ಯುತ್ ಉಳಿಸುತ್ತದೆ ನಿಜ, ಆದರೆ ಬೆಲೆಯೂ ಹೆಚ್ಚು. ಪಿಡಬ್ಲ್ಯುಎಂ ಬೆಲೆಗೆ 'ಎಂಪಿಪಿಟಿ' ಎಂದು ಮಾರುವುದು ಬಹುತೇಕ ಹೆಸರು ಬದಲಾಯಿಸಿದ ಪಿಡಬ್ಲ್ಯುಎಂ.

ಜೋಡಿಸುವಾಗ ಮೊದಲು ಬ್ಯಾಟರಿ, ನಂತರ ಪ್ಯಾನೆಲ್, ಕೊನೆಗೆ ದೀಪ. ಬಿಚ್ಚುವಾಗ ಇದಕ್ಕೆ ತಿರುಗಾಮುರುಗಾ. ಬ್ಯಾಟರಿ ಇಲ್ಲದೆ ಪ್ಯಾನೆಲ್ ಜೋಡಿಸಿದರೆ ಅಗ್ಗದ ಕಂಟ್ರೋಲರ್ ಸುಟ್ಟುಹೋಗುವ ಸಂಭವವಿದೆ.

ಪ್ಯಾನೆಲನ್ನು ಮಾಡಿನ ತಗಡಿಗೆ ಅಂಟಿಸದೆ, ಕಬ್ಬಿಣದ ಆ್ಯಂಗಲ್ ಮೇಲೆ ಎರಡು ಬೆರಳಿನಷ್ಟು ಎತ್ತರಿಸಿ ಕೂರಿಸಿ. ಕೆಳಗೆ ಗಾಳಿಯಾಡಬೇಕು. ಪ್ಯಾನೆಲ್ ಕಾದಷ್ಟೂ ವಿದ್ಯುತ್ ಕಡಿಮೆಯಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಅದು 65 ಡಿಗ್ರಿಗೆ ಏರಿದರೆ ಆರನೇ ಒಂದು ಪಾಲು ಅಲ್ಲೇ ನಷ್ಟ. ಸಡಿಲವಾಗದ ನಟ್ ಹಾಕಿ. ಓಡುವ ಗಾಡಿಯಿಂದ ಪ್ಯಾನೆಲ್ ಹಾರಿದರೆ ಹಿಂದೆ ಬರುವವರ ಪ್ರಾಣಕ್ಕೆ ಅಪಾಯ. ಗಾಡಿಯ ಅಂಚಿನಿಂದ ಹೊರಗೆ ಚಾಚಿರಬಾರದು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ವಾಹನದ ಬದಲಾವಣೆಗೆ ಮಿತಿ ಹಾಕಿರುವುದರಿಂದ, ಮಾಡಿಗೆ ತೂತು ಕೊರೆಯುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ನೆರಳು ಮತ್ತು ಮಳೆ

ಹಣ್ಣಿಗೆ ನೆರಳು ಬೇಕು, ಪ್ಯಾನೆಲಿಗೆ ಬಿಸಿಲು ಬೇಕು. ಇದೇ ದೊಡ್ಡ ಪೇಚು. ಮರದ ಒಂದು ಕೊಂಬೆಯ ನೆರಳು ಪ್ಯಾನೆಲಿನ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಅರ್ಧಕ್ಕೆ ಇಳಿಯಬಹುದು, ಏಕೆಂದರೆ ಒಳಗಿನ ಸೆಲ್‌ಗಳೆಲ್ಲ ಸರಪಳಿಯಂತೆ ಒಂದಕ್ಕೊಂದು ಪೋಣಿಸಿಕೊಂಡಿವೆ. ಇಡೀ ದಿನ ಮರದಡಿಯಲ್ಲೇ ನಿಲ್ಲುವವರು ಪ್ಯಾನೆಲನ್ನು ಗಾಡಿಯ ಬದಲು ಮನೆಯ ಮಾಡಿನ ಮೇಲೆ ಹಾಕಿ, ಹಗಲು ಬ್ಯಾಟರಿಯನ್ನು ಅಲ್ಲೇ ಬಿಟ್ಟು, ಸಂಜೆ ಗಾಡಿಗೆ ತರುವುದು ಉತ್ತಮ. ಅಂಥವರಿಗೆ ಹಗುರವಾದ ಲಿಥಿಯಂ ಬ್ಯಾಟರಿ ಅನುಕೂಲ.

ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಒಂದನ್ನೇ ನಂಬಿ ಕೂರಲಾಗದು. ಕಾರ್ಮೋಡದ ದಿನ ಬೇಸಿಗೆಯ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಸಿಗುತ್ತದೆ. ಆಗ ಫ್ಯಾನ್ ಬೇಕಾಗಿಲ್ಲ, ದೀಪ ಒಂದೇ ಸಾಕು. ಮೋಡ ಕವಿದ ದಿನಗಳಲ್ಲಿ ರಾತ್ರಿ ಮನೆಯ ಕರೆಂಟಿನಿಂದ ಚಾರ್ಜರ್ ಹಾಕಿಕೊಳ್ಳಿ. ಉಪ್ಪುಗಾಳಿಗೆ ಬ್ಯಾಟರಿಯ ತುದಿಗಳು ಹಸಿರುಗಟ್ಟದಂತೆ ವ್ಯಾಸಲಿನ್ ಸವರಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಪ್ಯಾನೆಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಖರ್ಚು ಎಷ್ಟು?

ಅಂಗಡಿಯಿಂದ ಅಂಗಡಿಗೆ ಬೆಲೆ ಬೇರೆ ಇರುತ್ತದೆ. ಅಂದಾಜಿಗೆ ಪ್ಯಾನೆಲ್ 4,000, ಬ್ಯಾಟರಿ 4,500, ಕಂಟ್ರೋಲರ್ 800, ತಂತಿ, ಫ್ಯೂಸ್, ಸ್ವಿಚ್ಚು, ಆ್ಯಂಗಲ್ 1,000, ದೀಪ ಮತ್ತು ಫ್ಯಾನ್ 1,000 ಎಂದು ಹಿಡಿದರೆ ಒಟ್ಟು 11,300 ರೂಪಾಯಿ. ಬಾಡಿಗೆ ಬ್ಯಾಟರಿ ದೀಪಕ್ಕೆ ದಿನಕ್ಕೆ 40 ರೂಪಾಯಿ ಕೊಡುವವರು ತಿಂಗಳಿಗೆ 25 ದಿನ ವ್ಯಾಪಾರ ಮಾಡಿದರೆ ಸಾವಿರ ರೂಪಾಯಿ ಆಗುತ್ತದೆ. ಒಂದು ವರ್ಷದೊಳಗೆ ಹಾಕಿದ ದುಡ್ಡು ಹಿಂದೆ ಬರುತ್ತದೆ. ಒಮ್ಮೆಗೇ ಅಷ್ಟು ಹಣ ಕೂಡಿಸಲಾಗದವರು ಮೊದಲು ಎಲ್ಇಡಿ ದೀಪ, ಪ್ರತ್ಯೇಕ ಬ್ಯಾಟರಿ ಮತ್ತು ಫ್ಯೂಸ್ ಹಾಕಿಕೊಂಡು ಮನೆಯಲ್ಲಿ ಚಾರ್ಜ್ ಮಾಡಲಿ. ಪ್ಯಾನೆಲನ್ನು ಆಮೇಲೆ ಸೇರಿಸಬಹುದು. ಗಾಡಿಯ ಬ್ಯಾಟರಿ ಆ ದಿನದಿಂದಲೇ ಉಳಿಯುತ್ತದೆ.

ನಾವು ಮೊದಲು ಹೇಳಿದ ಸಹೋದರರು ಈಗ ಬೆಳಗಿನ ಜಾವ ಸಮಯಕ್ಕೆ ಮಾರುಕಟ್ಟೆ ತಲುಪುತ್ತಿದ್ದಾರೆ. ಬಾಕಿ ಕಂತುಗಳು ಸಂದಿವೆ, ಅಲ್‌ಹಮ್ದುಲಿಲ್ಲಾಹ್. ಆ ಹಣ ಈಗ ಇನ್ನೊಬ್ಬರ ಸಾಲವಾಗಿ ಹೊರಟಿದೆ. ಬಡ್ಡಿಯಿಲ್ಲದ ನಿಧಿ ನಡೆಯುವುದೇ ಹೀಗೆ. ಒಬ್ಬರ ಗಾಡಿ ನಿಂತರೆ ಸರದಿಯಲ್ಲಿ ಕಾದಿರುವ ಮತ್ತೊಬ್ಬರ ಗಾಡಿಯೂ ನಿಲ್ಲುತ್ತದೆ.

ಇದೇ ವರದಿಯ ಕೊನೆಯ ಪುಟಗಳಲ್ಲಿ ಈ ಸಾಲಿನ ವಿದ್ಯಾರ್ಥಿವೇತನದ ಪ್ರಕಟಣೆ ಮತ್ತು ಅರ್ಜಿ ನಮೂನೆ ಇದೆ. ವೈದ್ಯಕೀಯ, ಎಂಜಿನಿಯರಿಂಗ್ ಓದುವವರಷ್ಟೇ ಅಲ್ಲ, ಐಟಿಐ ಮತ್ತು ಡಿಪ್ಲೊಮಾ ಸೇರುವ ಹುಡುಗರೂ ಹುಡುಗಿಯರೂ ಸಂಕೋಚವಿಲ್ಲದೆ ಅರ್ಜಿ ಹಾಕಬೇಕೆಂದು ತಂದೆತಾಯಿಯರಲ್ಲಿ ವಿನಂತಿ. ಹತ್ತನೇ ತರಗತಿಯ ನಂತರ ಕೈಕೆಲಸ ಕಲಿಯುವುದು ಓದಿನಲ್ಲಿ ಹಿಂದೆ ಬಿದ್ದವರ ಪಾಲಿನದು ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಒಬ್ಬ ದುಡಿಯುವ ಮನುಷ್ಯನ ರಾತ್ರಿಯ ಅನ್ನವನ್ನು ಉಳಿಸಿಕೊಟ್ಟದ್ದು ಅಂಥ ಇಬ್ಬರು ಹುಡುಗರ ಲೆಕ್ಕವೇ. ತಮ್ಮ ಗಾಡಿಗೆ ಇಂಥ ವ್ಯವಸ್ಥೆ ಬೇಕೆನಿಸಿದವರು ದಿನದ ಬಳಕೆಯ ಪಟ್ಟಿ ಬರೆದುಕೊಂಡು ಟ್ರಸ್ಟ್ ಕಚೇರಿಗೆ ಬನ್ನಿ. ಪ್ಯಾನೆಲ್ ಕೊಂಡ ಮೇಲೆ ಬೇಡ, ಕೊಳ್ಳುವ ಮೊದಲೇ ಬನ್ನಿ.

ಅಲ್ಲಾಹನು ನಮ್ಮೆಲ್ಲರ ಹಲಾಲ್ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.