ಗುಮಾಸ್ತ ಬರೆದುಕೊಟ್ಟ ಮನೆತನ

ಇಟಲಿಯಲ್ಲಿ ರೋಸ್ಸಿ, ರುಸ್ಸೊ, ಫೆರಾರಿ ಎಂಬ ಅಡ್ಡಹೆಸರುಗಳಿಗೆ ಲೆಕ್ಕವಿಲ್ಲ. ಆದರೆ ‘ಎಕೊ’ ಎಂಬ ಹೆಸರಿನ ಮನೆತನ ಸಿಗುವುದು ಅಪರೂಪ. ಈ ಹೆಸರು ಜಗತ್ತಿಗೆ ಪರಿಚಯವಾದದ್ದು ಒಬ್ಬ ವ್ಯಕ್ತಿಯಿಂದ. ಅವರೇ 1980ರಲ್ಲಿ ‘ದಿ ನೇಮ್ ಆಫ್ ದಿ ರೋಸ್’ ಕಾದಂಬರಿ ಪ್ರಕಟಿಸಿ ಮನೆಮಾತಾದ ಉಂಬೆರ್ತೊ ಎಕೊ. 1932ರಲ್ಲಿ ಉತ್ತರ ಇಟಲಿಯ ಅಲೆಸ್ಸಾಂದ್ರಿಯಾ ಪಟ್ಟಣದಲ್ಲಿ ಹುಟ್ಟಿ, ಬೊಲೋನಾ ವಿಶ್ವವಿದ್ಯಾಲಯದಲ್ಲಿ ಸಂಕೇತಶಾಸ್ತ್ರ ಬೋಧಿಸಿದ ಅವರು 2016ರಲ್ಲಿ ತೀರಿಕೊಂಡರು.

ಇಟಾಲಿಯನ್ ಭಾಷೆಯಲ್ಲಿ ‘ಎಕೊ’ ಎಂದರೆ ಪ್ರತಿಧ್ವನಿ. ಕೂಗಿದರೆ ಮಾರುಲಿಯುವ ಯಾವುದೋ ಬೆಟ್ಟದ ತಪ್ಪಲಿನವರು ಇವರ ಪೂರ್ವಿಕರು ಎಂದು ಯಾರಾದರೂ ಊಹಿಸಿದರೆ ತಪ್ಪಲ್ಲ. ಆದರೆ ಆ ಮನೆತನದ ಕತೆಯೇ ಬೇರೆ. ಈ ಹೆಸರು ಬೆಟ್ಟದಿಂದ ಬಂದದ್ದಲ್ಲ, ಪಟ್ಟಣದ ಪುರಸಭೆ ಕಚೇರಿಯಿಂದ ಬಂದದ್ದು. ಉಂಬೆರ್ತೊ ಅವರ ತಾತ ಹೆತ್ತವರು ಬಿಟ್ಟುಹೋದ ಕೂಸು. ಆ ಕೂಸಿಗೆ ಅಡ್ಡಹೆಸರನ್ನು ಕೊಟ್ಟವನು ಒಬ್ಬ ನೌಕರ.

ಇದು ಅರ್ಥವಾಗಬೇಕಾದರೆ ಇಟಲಿಯಲ್ಲಿ ಅಡ್ಡಹೆಸರುಗಳು ಬೆಳೆದ ಬಗೆಯನ್ನು ತಿಳಿಯಬೇಕು. ಅಲ್ಲಿಯೂ ಹೆಸರುಗಳು ಮೊದಲು ಹುಟ್ಟಿದ್ದು ತಂದೆಯ ಹೆಸರಿನಿಂದ, ಊರಿನಿಂದ, ಕಸುಬಿನಿಂದ, ಮೈಬಣ್ಣ ಅಥವಾ ಕೂದಲ ಬಣ್ಣದಿಂದ. ‘ರೋಸ್ಸಿ’ ಕೆಂಪು ಬಣ್ಣವನ್ನು ಸೂಚಿಸುತ್ತದೆ, ‘ಫೆರಾರಿ’ ಕಮ್ಮಾರರನ್ನು. 1563ರಲ್ಲಿ ಟ್ರೆಂಟ್ ಧರ್ಮಸಭೆಯು ಜ್ಞಾನಸ್ನಾನ ಮತ್ತು ಮದುವೆಗಳನ್ನು ಚರ್ಚಿನ ದಫ್ತರಗಳಲ್ಲಿ ಬರೆದಿಡಬೇಕೆಂದು ವಿಧಿಸಿದ ಮೇಲೆ ಈ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಗಟ್ಟಿಯಾದವು. ದಫ್ತರದಲ್ಲಿ ಮಗುವಿನ ಹೆಸರಿನ ಪಕ್ಕದಲ್ಲಿ ತಂದೆಯ ಹೆಸರು ಬೇಕು. ತಂದೆಯೂ ಗೊತ್ತಿಲ್ಲ, ತಾಯಿಯೂ ಗೊತ್ತಿಲ್ಲ ಎಂದಾದರೆ ಆ ಜಾಗದಲ್ಲಿ ಏನು ಬರೆಯುವುದು?

ಅಂಥ ಕೂಸುಗಳು ಒಂದೆರಡಲ್ಲ. ಬಡತನಕ್ಕೆ ಅಂಜಿ, ಲೋಕಾಪವಾದಕ್ಕೆ ಅಂಜಿ ಹೆತ್ತವರು ಬಿಟ್ಟುಹೋಗುತ್ತಿದ್ದ ಹಸುಗೂಸುಗಳಿಗಾಗಿ ದೊಡ್ಡ ಪಟ್ಟಣಗಳಲ್ಲಿ ಧರ್ಮಾಸ್ಪತ್ರೆಗಳೇ ಇದ್ದವು. ಹಲವೆಡೆ ಅವುಗಳ ಗೋಡೆಯಲ್ಲಿ ತಿರುಗುವ ಮರದ ಪೆಟ್ಟಿಗೆಯೊಂದು ಇರುತ್ತಿತ್ತು. ಇಟಾಲಿಯನ್ನರು ಅದನ್ನು ‘ರುವೋತಾ’, ಅಂದರೆ ಚಕ್ರ, ಎಂದು ಕರೆದರು. ಬೀದಿಯ ಕಡೆಯಿಂದ ಕೂಸನ್ನು ಅದರಲ್ಲಿಟ್ಟು ತಿರುಗಿಸಿ ಗಂಟೆ ಬಾರಿಸಿದರೆ ಒಳಗಿದ್ದವರು ಎತ್ತಿಕೊಳ್ಳುತ್ತಿದ್ದರು. ಇಟ್ಟವರ ಮುಖ ಕಾಣುತ್ತಿರಲಿಲ್ಲ. ಕೆಲವು ತಾಯಂದಿರು ಪದಕವನ್ನೋ ನಾಣ್ಯವನ್ನೋ ಎರಡಾಗಿ ತುಂಡರಿಸಿ ಅರ್ಧವನ್ನು ಕೂಸಿನ ಬಟ್ಟೆಗೆ ಕಟ್ಟಿ, ಇನ್ನರ್ಧವನ್ನು ತಾವು ಇಟ್ಟುಕೊಳ್ಳುತ್ತಿದ್ದರು. ಎಂದಾದರೂ ಮಗುವನ್ನು ಮರಳಿ ಪಡೆಯುವ ದಿನ ಬಂದರೆ ಅದೇ ಗುರುತು. ಫ್ಲಾರೆನ್ಸ್ ನಗರದಲ್ಲಿ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ವಿನ್ಯಾಸ ಮಾಡಿದ, 1445ರಲ್ಲಿ ಬಾಗಿಲು ತೆರೆದ ‘ಇನೊಚೆಂತಿ’ ಆಸ್ಪತ್ರೆಯ ವಸ್ತುಸಂಗ್ರಹಾಲಯದಲ್ಲಿ ಇಂಥ ಅರ್ಧ ತುಂಡುಗಳನ್ನು ಇಂದಿಗೂ ನೋಡಬಹುದು. ಇನ್ನರ್ಧ ಬರಲೇ ಇಲ್ಲವಾದ್ದರಿಂದಲೇ ಅವು ಅಲ್ಲಿ ಉಳಿದಿವೆ.

ಆಸ್ಪತ್ರೆ ಸೇರಿದ ಕೂಸಿಗೆ ಆಸ್ಪತ್ರೆಯೇ ಮನೆತನ. ಫ್ಲಾರೆನ್ಸ್‌ನಲ್ಲಿ ಆ ಮಕ್ಕಳು ‘ಇನೊಚೆಂತಿ’ಗಳಾದರು, ಅಂದರೆ ಮುಗ್ಧರು. ಮಿಲಾನ್‌ನ ದೊಡ್ಡಾಸ್ಪತ್ರೆಯ ಲಾಂಛನ ಪಾರಿವಾಳ, ಹಾಗಾಗಿ ಅಲ್ಲಿಯವರು ‘ಕೊಲೊಂಬೊ’. ರೋಮ್‌ನಲ್ಲಿ ‘ಪ್ರೊಯೆತ್ತಿ’, ಎಂದರೆ ಎಸೆಯಲ್ಪಟ್ಟವರು. ಸಿಸಿಲಿಯಲ್ಲಿ ‘ತ್ರೊವಾತೊ’, ಎಂದರೆ ಸಿಕ್ಕವನು. ಇವುಗಳಲ್ಲೆಲ್ಲ ಹೆಚ್ಚು ಹಬ್ಬಿದ್ದು ನೇಪಲ್ಸ್‌ನ ‘ಎಸ್ಪೊಸಿತೊ’. ‘ಹೊರಗೆ ಇಡಲ್ಪಟ್ಟವನು’ ಎಂಬ ಅರ್ಥದ ಲ್ಯಾಟಿನ್ ಪದ ಇದರ ಮೂಲ. ಅಲ್ಲಿಯ ಅನ್ನುನ್ಸಿಯಾತಾ ಆಸ್ಪತ್ರೆಯ ಚಕ್ರದಲ್ಲಿ ಬಂದ ಮಕ್ಕಳನ್ನು ಜನ ‘ಮಡೋನಾಳ ಮಕ್ಕಳು’ ಎಂದೂ ಕರೆಯುತ್ತಿದ್ದರು. ಮಾತಿನಲ್ಲಿ ದೇವಮಾತೆಯ ಮಕ್ಕಳು, ದಫ್ತರದಲ್ಲಿ ಹೊರಗಿಟ್ಟವರು! ಇಂದು ನೇಪಲ್ಸ್‌ನಲ್ಲಿ ಅತಿ ಹೆಚ್ಚು ಜನರಿಗಿರುವ ಅಡ್ಡಹೆಸರು ಇದೇ.

ಹಾಗೆಂದು ಈ ಹೆಸರಿನವರೆಲ್ಲ ಬಿಟ್ಟುಹೋದ ಕೂಸುಗಳ ಸಂತತಿ ಎಂದು ತಿಳಿಯಬೇಕಿಲ್ಲ. ‘ಕೊಲೊಂಬೊ’ ಎಂಬುದು ಪಾರಿವಾಳ ಸಾಕುವವರಿಗೂ ಬಂದಿರಬಹುದಾದ ಹೆಸರು. ಅಟ್ಲಾಂಟಿಕ್ ದಾಟಿದ ಕೊಲಂಬಸ್‌ನ ಹೆಸರೂ ಇದೇ. ಅವನು ಜಿನೋವಾದ ನೇಕಾರನೊಬ್ಬನ ಮಗ. ಆದರೂ ‘ಎಸ್ಪೊಸಿತೊ’ದಂಥ ಹೆಸರು ಹಣೆಯ ಮೇಲಿನ ಬರಹದಂತೆ. ಮದುವೆಯ ಮಾತುಕತೆಯಲ್ಲಾಗಲಿ ಕೆಲಸ ಕೇಳಿ ಹೋದಲ್ಲಾಗಲಿ ಹೆಸರು ಹೇಳಿದೊಡನೆ ಹುಟ್ಟಿನ ಗುಟ್ಟು ಹೊರಬೀಳುತ್ತಿತ್ತು. 1808ರಿಂದ 1815ರವರೆಗೆ ನೇಪಲ್ಸ್ ಆಳಿದ, ನೆಪೋಲಿಯನ್ನನ ಭಾವ ಮುರಾ, ಇನ್ನು ಮುಂದೆ ಯಾವ ಕೂಸಿಗೂ ಈ ಹೆಸರು ಇಡಕೂಡದೆಂದು ಆಜ್ಞೆ ಮಾಡಬೇಕಾಯಿತು.

ಎಲ್ಲ ಕೂಸುಗಳಿಗೂ ಒಂದೇ ಹೆಸರು ಕೊಡುವ ಪದ್ಧತಿ ಹಿಂದೆ ಸರಿದಂತೆ, ಒಂದೊಂದು ಕೂಸಿಗೆ ಒಂದೊಂದು ಹೊಸ ಅಡ್ಡಹೆಸರು ಕಟ್ಟುವ ಹೊಣೆ ನೌಕರರ ಮೇಲೆ ಬಿತ್ತು. ಅವರು ತಿಂಗಳುಗಳ ಹೆಸರು, ವಾರಗಳ ಹೆಸರು, ಹೂವು, ಊರು ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಳಸಿದರು. ಇಟಲಿಯ ಅಪರೂಪದ ಅಡ್ಡಹೆಸರುಗಳಲ್ಲಿ ಕೆಲವು ಹೀಗೆ ಲೇಖನಿಯ ತುದಿಯಲ್ಲೇ ಹುಟ್ಟಿದವು.

‘ಎಕೊ’ ಕೂಡ ಅಂಥದ್ದೇ. ಅದರ ಅರ್ಥ ಮಾತ್ರ ಮನೆಯವರಿಗೂ ಬಹುಕಾಲ ಒಗಟಾಗಿತ್ತು. ವ್ಯಾಟಿಕನ್ ಗ್ರಂಥಾಲಯದಲ್ಲಿ ಜೆಸ್ಯುಟ್ ಪಾದ್ರಿಗಳು ಬಳಸುತ್ತಿದ್ದ ಸಂಕ್ಷೇಪಾಕ್ಷರಗಳ ಪಟ್ಟಿಯೊಂದು ಗೆಳೆಯರೊಬ್ಬರ ಕಣ್ಣಿಗೆ ಬಿತ್ತೆಂದೂ, ಅದರಲ್ಲಿ ತಮ್ಮ ಹೆಸರಿನ ಮೂಲ ಸಿಕ್ಕಂತಾಯಿತೆಂದೂ ಉಂಬೆರ್ತೊ 2011ರ ಸಂದರ್ಶನವೊಂದರಲ್ಲಿ ತಿಳಿಸಿದ್ದರು. ಆ ಪಟ್ಟಿಯಲ್ಲಿದ್ದ ಲ್ಯಾಟಿನ್ ಮಾತು ‘ಎಕ್ಸ್ ಕೈಲಿಸ್ ಒಬ್ಲಾತುಸ್’. ಮೂರು ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿದರೆ ‘ಎಕೊ’. ಅರ್ಥ: ಸ್ವರ್ಗದಿಂದ ಬಂದ ಕಾಣಿಕೆ. ಇದು ಸಂಭವನೀಯ ವಿವರಣೆಯೇ ಹೊರತು ದಫ್ತರದಲ್ಲಿ ದಾಖಲಾದ ಕಾರಣವಲ್ಲ. ಆದರೂ ‘ಹೊರಗೆ ಇಟ್ಟವನು’ ಎಂಬ ಹೆಸರಿಗೂ ‘ಮೇಲಿನಿಂದ ಬಂದವನು’ ಎಂಬ ಹೆಸರಿಗೂ ಎಷ್ಟು ದೂರ! ಕೇಳಿದವರಿಗೆ ಅದು ಬರೀ ಪ್ರತಿಧ್ವನಿ. ಕೂಸಿನ ಹುಟ್ಟಿನ ಸಂಗತಿ ಆ ಹೆಸರಿನೊಳಗೆ ಇದ್ದೂ ಯಾರಿಗೂ ಕಾಣುವುದಿಲ್ಲ.

ಆ ಹೆಸರು ಪಡೆದ ಕೂಸು ಬೆಳೆದು ಅಚ್ಚುಮೊಳೆ ಜೋಡಿಸುವ ಕೆಲಸಗಾರನಾಯಿತು. ನಿವೃತ್ತಿಯ ಮೇಲೆ ಪುಸ್ತಕಗಳಿಗೆ ರಟ್ಟು ಕಟ್ಟುವುದು ಆತನ ಕಸುಬು. 13 ಮಕ್ಕಳ ಸಂಸಾರ. ಆತ ಸತ್ತ ಮೇಲೆ, ಯಾರೂ ಮರಳಿ ಒಯ್ಯದ ಪುಸ್ತಕಗಳು ಪೆಟ್ಟಿಗೆಯಲ್ಲಿ ಮಗನ ಮನೆಯ ನೆಲಮಾಳಿಗೆ ಸೇರಿದವು. ಮೊಮ್ಮಗ ಉಂಬೆರ್ತೊ ಓದಿನ ರುಚಿ ಹತ್ತಿಸಿಕೊಂಡದ್ದು ಆ ಪೆಟ್ಟಿಗೆಯಿಂದ. ಮುಂದೆ 1988ರಲ್ಲಿ ಬಂದ ‘ಫೂಕೋಸ್ ಪೆಂಡುಲಮ್’ ಕಾದಂಬರಿಯಲ್ಲಿ ಅವರು ಒಂದು ಪಾತ್ರಕ್ಕೆ ‘ದಿಯೊತಲ್ಲೇವಿ’ ಎಂದು ಹೆಸರಿಟ್ಟರು. ‘ದೇವರು ನಿನ್ನನ್ನು ಸಾಕಲಿ’ ಎಂಬ ಅರ್ಥದ ಇದೂ ಬಿಟ್ಟುಹೋದ ಕೂಸುಗಳಿಗೆ ಇಡುತ್ತಿದ್ದ ಹೆಸರು. ತನ್ನ ತಾತ ಯಾರ ಮಗನೋ ತಿಳಿಯದ ಆ ಪಾತ್ರ, ತಾನು ಯೆಹೂದಿ ಎಂದು ನಂಬಿಕೊಂಡಿರುತ್ತದೆ. ಬೇರು ಗೊತ್ತಿಲ್ಲದವನು ಬೇರನ್ನು ಹುಡುಕುವ ಪರಿ ಅದು.

ನೇಪಲ್ಸ್‌ನ ಚಕ್ರ 1875ರಲ್ಲಿ ನಿಂತಿತು. ಉಳಿದೆಡೆಯೂ ಒಂದೊಂದಾಗಿ ಮುಚ್ಚಿ, 1923ರಲ್ಲಿ ಸರ್ಕಾರವೇ ಈ ಪದ್ಧತಿಯನ್ನು ರದ್ದುಪಡಿಸಿತು. ಈಗ ಇಟಲಿಯಲ್ಲಿ ತಾಯಿ ತನ್ನ ಹೆಸರು ದಾಖಲಿಸದೆಯೇ ಆಸ್ಪತ್ರೆಯಲ್ಲಿ ಹೆರಲು ಕಾನೂನು ಅವಕಾಶ ಕೊಡುತ್ತದೆ. ಅಂಥ ಮಗುವಿಗೆ ಹೆಸರಿಡುವವರು ಇಂದಿಗೂ ನೋಂದಣಿ ಅಧಿಕಾರಿಗಳೇ. ಆದರೆ 2000ದ ನಿಯಮಾವಳಿ ಅವರ ಕೈಕಟ್ಟಿದೆ: ಹುಟ್ಟಿನ ಸಂಗತಿ ಬಯಲಾಗುವಂಥ ಹೆಸರು ಇಡಕೂಡದು, ಚರಿತ್ರೆಯಲ್ಲಿ ಪ್ರಸಿದ್ಧವಾದ ಹೆಸರನ್ನಾಗಲಿ ಆ ಊರಿನ ಹೆಸರಾಂತ ಮನೆತನದ ಹೆಸರನ್ನಾಗಲಿ ಕೊಡಕೂಡದು. ಅಂದರೆ ಮಗುವಿಗೆ ಅವಮಾನವೂ ಬೇಡ, ಸುಳ್ಳು ಕುಲವೂ ಬೇಡ. ಅಲೆಸ್ಸಾಂದ್ರಿಯಾದ ಆ ಹಳೆಯ ನೌಕರ ಯಾರೋ ತಿಳಿಯದು. ಈ ನಿಯಮ ಬರುವ ಎಷ್ಟೋ ಮೊದಲೇ ಆತ ಅದರಂತೆ ನಡೆದಿದ್ದ.