ಸುಟ್ಟ ಹರಿಗೋಲು ಮತ್ತೆ ನೀರಿಗೆ ಇಳೀತದಾ?

ಇವತ್ತಿನ ಎಪಿಸೋಡ್ ದೋಣಿ ರಿಪೇರಿ ಬಗ್ಗೆ. "ನಮ್ಮ ಜಿಲ್ಲೆದಾಗ ಎಲ್ಲೈತಿ ದೋಣಿ?" ಅಂತ ಕುಷ್ಟಗಿ, ಯಲಬುರ್ಗಾ ಕಡೆಯವರು ಕೇಳೇ ಕೇಳ್ತೀರಿ. ಮಳೆ ನೆಚ್ಚಿಕೊಂಡ ಊರುಗಳು, ಕೇಳೋದು ಸಹಜ. ಆದ್ರೆ ಗಂಗಾವತಿ ದಾಟಿ ಆನೆಗೊಂದಿಗೆ ಬಂದ್ರೆ ತುಂಗಭದ್ರಾ ಸಿಗ್ತದೆ, ಅಲ್ಲಿ ಹರಿಗೋಲು ಸಿಗ್ತದೆ. ರೀಲ್ಸ್‌ನಲ್ಲಿ ಗಿರಗಿರ ತಿರುಗ್ತಿರ್ತದಲ್ಲ, ಆ ದುಂಡು ಬುಟ್ಟಿ.

1520ರ ಸುಮಾರಿಗೆ ವಿಜಯನಗರ ನೋಡೋಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಈ ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, 15–20 ಜನ ಹಿಡಿಸ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಹೋಗ್ತವೆ ಅಂತ. ಐನೂರು ವರ್ಷ ಆದ್ರೂ ಆಕಾರ ಹಾಗೇ ಇದೆ. ಬದಲಾಗಿದ್ದು ಮುಖ್ಯವಾಗಿ ಹೊದಿಕೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂತು, ಅದರ ಮೇಲೆ ಡಾಂಬರು. ಬೆಂಕಿಯ ಕತೆ ಇಲ್ಲಿಂದ ಶುರು.

ಚರ್ಮಕ್ಕೆ ಸುಲಭವಾಗಿ ಬೆಂಕಿ ಹತ್ತಲ್ಲ. ಪ್ಲಾಸ್ಟಿಕ್ಕು, ಡಾಂಬರು ಎರಡೂ ಪೆಟ್ರೋಲಿಯಂ ಮಕ್ಕಳು. ರಸ್ತೆಗೆ ಹಾಕೋ ಮಾಮೂಲಿ ಡಾಂಬರು 50 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗ್ತದೆ, 220 ಡಿಗ್ರಿ ದಾಟಿದ್ರೆ ಅದರ ಆವಿಗೆ ಬೆಂಕಿ ಹಿಡಿಯಬಹುದು. ಪಾಲಿಥಿನ್ ಹಾಳೆ 110–130 ಡಿಗ್ರಿಗೇ ಕರಗ್ತದೆ. ಹೊಳೆ ತುಂಬಿ ಹರಿಯುವಾಗ ಹರಿಗೋಲು ದಡದ ಮೇಲೆ ಬೋರಲು ಬಿದ್ದಿರ್ತದೆ. ಬೇಸಿಗೆ ಬಂದ್ರೆ ಪಕ್ಕದಲ್ಲೇ ಒಣಹುಲ್ಲು, ಬತ್ತದ ಕೂಳೆಗೆ ಹಚ್ಚಿದ ಬೆಂಕಿ, ಯಾರೋ ಎಸೆದ ಬೀಡಿ. ಇದೆಲ್ಲಕ್ಕಿಂತ ನನಗೆ ಹೆದರಿಕೆ ಆಗೋದು ಡಾಂಬರು ಕಾಯಿಸೋ ಒಲೆ. ಅದನ್ನ ದೋಣಿಯ ಮಗ್ಗುಲಲ್ಲೇ ಹೂಡಬಾರದು. ಡಾಂಬರಿಗೆ ಬೆಂಕಿ ಹತ್ತಿದ್ರೆ ನೀರು ಸುರೀಲೇಬೇಡಿ. ನೀರು ಆ ಕಾವಿಗೆ ಥಟ್ಟನೆ ಹಬೆಯಾಗಿ ಉರಿಯೋ ಡಾಂಬರನ್ನ ಮೈಮೇಲೆ ಸಿಡಿಸ್ತದೆ. ಮಣ್ಣು, ಉಸುಕು ಹಾಕಿ. ಹೊಳೆ ದಂಡೆಯಾಗ ಉಸುಕಿಗೇನು ಬರ?

ಬೆಂಕಿ ಆರಿತು. ಈಗ ಅಜ್ಜನ ಕಾಲದ ಹರಿಗೋಲು ಉಳೀತಾ ಇಲ್ವಾ ಅಂತ ನೋಡೋದು ಹೆಂಗ? ಎಲ್ಲರೂ ಎಡವೋದು ಇಲ್ಲೇ. ಡಾಂಬರೂ ಕಪ್ಪು, ಸುಟ್ಟ ಬಿದಿರೂ ಕಪ್ಪು. ಮೇಲೆ ಹೊಸ ಹಾಳೆ ಸುತ್ತಿ ಇನ್ನೊಂದು ಕೋಟ್ ಬಳಿದ್ರೆ ದೋಣಿ ಹೊಸದರ ಹಾಗೇ ಕಾಣ್ತದೆ. ಹತ್ತು ಜನ ಕೂತು ನಡುಹೊಳೆಗೆ ಹೋದಾಗ ತಳ ಬಿಟ್ಟುಕೊಂಡ್ರೆ? ಅದಕ್ಕೆ ಮೊದಲ ಕೆಲಸ ಹೊದಿಕೆ ಪೂರ್ತಿ ಕಿತ್ತು, ಬಿದಿರಿನ ದಬ್ಬೆಗಳನ್ನ ಒಂದೊಂದಾಗಿ ಚಾಕುವಿನಿಂದ ಕೆರೆಯೋದು. ಎರಡು ಗೀರಿಗೆ ಹಳದಿ ಮೈ ಕಂಡ್ರೆ ಬರೀ ಮಸಿ ಹತ್ತಿದೆ ಅಂತ. ಕೆರೆದಷ್ಟೂ ಕರೀ ಪುಡಿ ಉದುರಿದ್ರೆ ಆ ದಬ್ಬೆ ಮುಗೀತು. ಬಿದಿರಿನ ಗಟ್ಟಿ ನಾರು ಹೆಚ್ಚಿರೋದು ಹೊರಮೈ ಕಡೆ. ದಬ್ಬೆಯ ಆ ಮೈ ಸುಟ್ಟಿದ್ರೆ, ಅರ್ಧ ದಪ್ಪ ಉಳಿದಿದ್ರೂ ಅರ್ಧ ಬಲ ಉಳಿದಿರಲ್ಲ. ಕೈಯಿಂದ ಮೆಲ್ಲಗೆ ಬಗ್ಗಿಸಿ ನೋಡಿ. ಒಳ್ಳೇದಾದ್ರೆ ಪುಟಿದು ವಾಪಸ್ ಬರ್ತದೆ, ಕೆಟ್ಟಿದ್ರೆ ಚಟಕ್ ಅಂತದೆ.

ತಳದಾಗ ನಾಲ್ಕೈದು ದಬ್ಬೆ ಹೋಗಿದ್ರೆ ಬದಲಾಯಿಸಬಹುದು. ಆದ್ರೆ ಸುಟ್ಟಷ್ಟೇ ತುಂಡು ಕತ್ತರಿಸಿ ಕೂರಿಸೋದಲ್ಲ. ಹೊಸ ದಬ್ಬೆ ಎರಡೂ ಕಡೆ ಗಟ್ಟಿ ಹೆಣಿಗೆಯೊಳಗೆ ಉದ್ದಕ್ಕೆ ತೂರಿ ಹೋಗಬೇಕು, ಆಗ ಭಾರ ಹಂಚಿಕೊಳ್ತದೆ. ಬಗ್ಗಿಸೋ ಮುಂಚೆ ನೀರಿನಲ್ಲಿ ನೆನೆಸಬೇಕು. ಅಂಚಿನ ವಿಷಯ ಬೇರೆ. ಬುಟ್ಟಿ ಹರವಿಕೊಳ್ಳದ ಹಾಗೆ ಬಿಗಿಹಿಡಿಯೋದೇ ಅದು. ಅಂಚು ಎರಡು ಮೂರು ಕಡೆ ಕರಕಲಾಗಿದ್ರೆ ಜನ ಕೂರಿಸೋ ಆಸೆ ಬಿಡಿ ಅಂತೀನಿ.

ಬಿಕಾಂನಲ್ಲಿ ಓದಿದ್ವಲ್ಲ, ರಿಪೇರಿ ಅಂದ್ರೆ ರೆವೆನ್ಯೂ ಖರ್ಚು, ಹೊಸದು ಅಂದ್ರೆ ಕ್ಯಾಪಿಟಲ್ ಖರ್ಚು. ಹೊದಿಕೆ, ತಳ, ಅಂಚು ಮೂರೂ ಬದಲಾದ್ರೆ ಅದಕ್ಕೆ ರಿಪೇರಿ ಅನ್ನೋದು ಲೆಕ್ಕದ ಪುಸ್ತಕದಾಗ ಸುಳ್ಳು ಬರೆದ ಹಾಗೆ. ಮನಸ್ಸು ಒಪ್ಪಲ್ಲ, ಗೊತ್ತು. ಹಾಗಾದ್ರೆ ಮುರಿಯೋ ಮುಂಚೆ ಹಳೇದರ ಅಡ್ಡಗಲ, ಆಳ ಅಳೆದು ಬರ್ಕೊಳ್ಳಿ. ಒಂದು ಕಣ್ಣಿಗೂ ಇನ್ನೊಂದು ಕಣ್ಣಿಗೂ ಎಷ್ಟು ಅಂತರ, ತಳಕ್ಕೆ ಎಷ್ಟು ದಬ್ಬೆ, ಎಲ್ಲಾ ಫೋನಿನಲ್ಲಿ ಫೋಟೋ ತೆಗೀರಿ. ಆ ಅಳತೆಗೇ ಹೊಸದು ಹೆಣೆಸಿ. ಅಜ್ಜನ ಕೈಯ ಲೆಕ್ಕ ಇರೋದು ಆ ಅಳತೆಯಲ್ಲೇ.

ಇನ್ನೊಂದು ಮಾತು. ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲಿ ಬೆಂಕಿ ಅನಾಹುತವೂ ಸೇರಿದೆ, ಮೀನುಗಾರರ ಹಾನಿಯಾದ ದೋಣಿಗೆ ನೆರವಿಗೂ ಅವಕಾಶ ಇದೆ. ಮೀನು ಹಿಡಿಯೋ ಹರಿಗೋಲಾಗಿದ್ರೆ, ಕೆರೆಯೋಕೆ ಶುರು ಮಾಡೋ ಮುಂಚೆಯೇ ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು ಪಂಚನಾಮೆ ಮಾಡಿಸಿ. ಬರೀ ಪ್ರವಾಸಿಗರನ್ನ ಕೂರಿಸೋರಿಗೆ ಆ ನೆರವು ಅನ್ವಯಿಸೋದು ಕಷ್ಟ.

ಕೊನೆಗೆ ಪರೀಕ್ಷೆ. ಹೊಸ ಡಾಂಬರು ಪೂರ್ತಿ ಆರಿದ ಮೇಲೆ, ಮೊಣಕಾಲುದ್ದ ನೀರಿನಲ್ಲಿ ಖಾಲಿ ಹರಿಗೋಲು ಇಳಿಸಿ. ಸೋರದಿದ್ರೆ ಎಷ್ಟು ಜನ ಕೂರಿಸ್ತೀರೋ ಅಷ್ಟು ತೂಕದ ಉಸುಕಿನ ಚೀಲ ಹೇರಿ, ಒಂದು ತಾಸು ಬಿಡಿ. ಚೀಲ ತೆಗೆದು ತಳ ಮುಟ್ಟಿ ನೋಡಿ. ಒಣಗಿದ್ರೆ ಹುಟ್ಟು ಕೈಗೆ ತಗೊಳ್ಳಿ, ಮೊದಲ ಸಲ ನೀವೊಬ್ಬರೇ.