ಜಾಲತಾಣವನ್ನು ನಡೆಸುವ ಶಿಕ್ಷಣ

ಕಜೆ ಅಕ್ಕಿ, ಮಲ್ಲಿಗೆ ಮುಂತಾದವುಗಳನ್ನು ಗಿರಾಕಿಗಳಿಗೆ ನೇರವಾಗಿ ಮಾರಲು ಜಾಲತಾಣವು ಅನುಕೂಲವಾದ ಸಾಧನವು. ಅದನ್ನು ಕಟ್ಟುವ ವಿದ್ಯೆ ಬೇರೆ, ನಡೆಸುವ ವಿದ್ಯೆ ಬೇರೆ. ನಡೆಸುವುದಕ್ಕೆ ನಿಟ್ಟೆಯಲ್ಲಿ 1986ರಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ್ ಕಾಲೇಜಿನ ಪದವಿಯು ಅವಶ್ಯವಲ್ಲ.

ಕಂಪ್ಯೂಟರಿನ ಪರಿಚಯವಿಲ್ಲದವರು ಮೊದಲು ಕೇಂದ್ರ ಸರಕಾರದ ನೀಲಿಟ್ ಸಂಸ್ಥೆಯ 80 ಗಂಟೆಗಳ ಸಿ.ಸಿ.ಸಿ. ಪಾಠಕ್ರಮವನ್ನು ಕಲಿಯತಕ್ಕದ್ದು; ಅದಕ್ಕೆ ವಿದ್ಯಾರ್ಹತೆಯ ನಿರ್ಬಂಧವಿಲ್ಲ. ಬಳಿಕ ಸೇರುವ ತರಗತಿಯಲ್ಲಿ ಮೂರು ಕೆಲಸಗಳನ್ನು ಕೈಯಾರೆ ಮಾಡಿಸುವರೇ ಎಂದು ವಿಚಾರಿಸಬೇಕು: ದರ, ದಾಸ್ತಾನುಗಳನ್ನು ತಿದ್ದುವುದು, ಪುಟಗಳ ಪ್ರತಿಯನ್ನು ಬೇರೆಡೆ ಕಾದಿಡುವುದು, ತಾಣದ ಹೆಸರನ್ನು ನವೀಕರಿಸುವುದು.

ಮೂರನೆಯದು ಅತಿ ಮುಖ್ಯವಾದುದು. ತಾಣದ ಹೆಸರು ಮೂಲಗೇಣಿಯಲ್ಲ; ಹಿಂದಿನ ಚಾಲಗೇಣಿಯಂತೆ ಅವಧಿಗೆ ಒಳಪಟ್ಟುದು. ನೋಂದಣಿಯು ಬೆಳೆಗಾರನ ಹೆಸರಿನಲ್ಲಿಲ್ಲದಿದ್ದರೆ ಅಥವಾ ಗಡುವು ಮೀರಿದರೆ, ಸಂಪಾದಿಸಿದ ಗಿರಾಕಿಗಳು ಪರರ ಪಾಲಾಗಬಹುದು. ಗ್ರಾಮದ ಮುಖಂಡರು ಈ ಸಂಗತಿಯನ್ನು ರೈತರಿಗೆ ತಿಳಿಯಪಡಿಸುವುದು ಉಚಿತವು.